ಇಪ್ಪತ್ತೈದು ಕುದುರೆಯ ಮೋಟಾರು

ದೋಣಿಯಕ್ಕನ ಬಲಗೈ ಹೆಗಲಿಗಿಂತ ಮೇಲೆ ಏಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬೆಳಿಗ್ಗೆ ಅವಳ ತಲೆ ಬಾಚುವವಳು ಅತ್ತೆ, ಅಂಗಿಯ ತೋಳು ತೊಡಿಸುವವಳೂ ಅತ್ತೆ.

"ಹುಟ್ಟು ಹಾಕೋಕೂ ನಾನೇ ಬರಲೇನೇ?" ಎಂದು ಮುದುಕಿ ಹೆಗಲಿಗೆ ಎಣ್ಣೆ ತಿಕ್ಕುತ್ತ ಕೇಳುತ್ತಿದ್ದಳು.

"ಬನ್ನಿ ಅತ್ತೆ. ನಿಮ್ಮ ಮಗನ ಕೆಲಸ ತಾನೆ," ಎಂದು ಸೊಸೆ ಹಲ್ಲು ಕಚ್ಚಿಕೊಂಡೇ ನಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹುಟ್ಟು ಅವಳ ಕೈಗೆ ಬಂದಿತ್ತು. ಹೆಸರೂ ಆಗಲೇ ಬದಲಾಯಿತು. ಈಗ ಅವಳು ಎಲ್ಲರಿಗೂ ದೋಣಿಯಕ್ಕ.

ಹಿನ್ನೀರಿನ ಈಚೆ ದಡದಲ್ಲಿ ಅವರ ಕೇರಿ, ಆಚೆ ದಡದಲ್ಲಿ ಧಣಿಯ ಮೀನು ಶೆಡ್ಡು. ಕೇರಿಯ ಹೆಂಗಸರೆಲ್ಲ ಅಲ್ಲಿ ನಿಂತೇ ಮೀನು ಸೀಳಿ, ಕರುಳು ತೆಗೆದು, ಮಂಜುಗಡ್ಡೆಯಲ್ಲಿ ಹೂಳುವವರು. ಬೆರಳುಗಳು ಮರಗಟ್ಟಿ, ಸಂಜೆ ಮನೆಯಲ್ಲಿ ಬೆಂಕಿಕಡ್ಡಿ ಗೀರಲೂ ಆಗುತ್ತಿರಲಿಲ್ಲ. ಅವರನ್ನು ಕಂತುಕಂತಾಗಿ ದಾಟಿಸುವ ಪುಟ್ಟ ಮರದ ದೋಣಿ ಧಣಿಯದು. ಉಬ್ಬರವಿಳಿತಕ್ಕೆ ಶೆಡ್ಡಿನ ಸೈರನ್ನಿನ ಹಂಗಿಲ್ಲ. ಇಳಿತದ ಹೊತ್ತಿನಲ್ಲಿ ನೀರು ದೋಣಿಯನ್ನು ಸಮುದ್ರದ ಕಡೆಗೆ ಎಳೆಯುತ್ತಿತ್ತು, ದೋಣಿಯಕ್ಕ ಶೆಡ್ಡಿನ ಕಡೆಗೆ ಎಳೆಯುತ್ತಿದ್ದಳು. ಇಬ್ಬರ ಜಗ್ಗಾಟದಲ್ಲಿ ತಡವಾದರೆ ಗೇಟು ಮುಚ್ಚಿರುತ್ತಿತ್ತು. ಅರ್ಧ ದಿನದ ಕೂಲಿ ಹೋಗುತ್ತಿದ್ದುದು ಹೆಂಗಸರದು.

ಹಾಗಾಗಿ ಒಂದು ದಿನ ಎಲ್ಲರೂ ಕೂಡಿ ಮ್ಯಾನೇಜರ ಮುಂದೆ ನಿಂತರು. ಅವರಲ್ಲಿ ಬಾಯಿ ಇದ್ದವಳು ಒಬ್ಬಳೇ. ಮಾತಿನಮಲ್ಲಿ ಎಂದೇ ಅವಳನ್ನು ಕರೆಯುತ್ತಿದ್ದರು.

"ದೋಣಿಗೊಂದು ಸಣ್ಣ ಮೋಟಾರು ಹಾಕಿಸಿಕೊಡಿ ಸಾಹೇಬ್ರೆ. ಎರಡೂವರೆ ಕುದುರೆ ಶಕ್ತಿದು ಸಾಕು ಅಂತ ರಿಪೇರಿಯಣ್ಣ ಹೇಳಿದಾನೆ. ಅಕ್ಕನ ಹೆಗಲು ಹೋಗೇಬಿಡ್ತು."

ರಿಪೇರಿಯಣ್ಣ ಎಂದರೆ ಕೇರಿಯ ತುದಿಯಲ್ಲಿ ಹಳೆಯ ಮೋಟಾರುಗಳನ್ನು ಬಿಚ್ಚಿ ಕಟ್ಟುವವನು.

ಧಣಿಗಳು ಈ ಬೇಡಿಕೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಮೋಟಾರು ಆಯ್ಕೆ ಸಮಿತಿಯನ್ನೇ ನೇಮಿಸಿದರು. ಸಮಿತಿಯಲ್ಲಿ ಮೂವರು. ಧಣಿ, ಮ್ಯಾನೇಜರು, ಮತ್ತು ಪೇಟೆಯಲ್ಲಿ ಮೋಟಾರಂಗಡಿ ಇಟ್ಟಿದ್ದ ಧಣಿಯ ಭಾವಮೈದ. ದೋಣಿಯಕ್ಕನನ್ನೂ ಕರೆಸಿದ್ದರು. ಅವಳು ಬಾಗಿಲಾಚೆ ನಿಂತಿದ್ದಳು. ಮೀನಿನ ವಾಸನೆ ಒಳಗೆ ಬರಬಾರದೆಂದು ಬಾಗಿಲು ಅರ್ಧ ಮುಚ್ಚಿತ್ತು. ಆ ಕಟ್ಟಡ ಎದ್ದು ನಿಂತದ್ದೇ ಮೀನಿನಿಂದ.

"ಎರಡೂವರೆ ಕುದುರೆಯಂತೆ," ಭಾವಮೈದ ಶುರು ಮಾಡಿದ. "ಆ ಅರ್ಧ ಕುದುರೆ ಮುಂದಿನ ಅರ್ಧವೋ, ಹಿಂದಿನ ಅರ್ಧವೋ?"

ಧಣಿಗಳು ನಕ್ಕರು. ಅವರು ನಕ್ಕದ್ದು ಖಾತ್ರಿಯಾದ ಮೇಲೆ ಮ್ಯಾನೇಜರೂ ನಕ್ಕರು.

"ಪಕ್ಕದ ಗೋದಾಮಿನವನ ದೋಣಿಗೆ ಎಷ್ಟಿದೆ?" ಧಣಿ ಕೇಳಿದರು.

"ಹದಿನೈದು, ಧಣಿ."

"ಹಾಗಾದ್ರೆ ನಮ್ಮದಕ್ಕೆ ಇಪ್ಪತ್ತೈದು."

ಗೋದಾಮಿನವನದು ಕಬ್ಬಿಣದ ದೊಡ್ಡ ದೋಣಿ ಎಂಬ ಮಾತು ಮ್ಯಾನೇಜರ ಗಂಟಲ ತನಕ ಬಂದು, ಧಣಿಯ ಮುಖ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿತು. ಭಾವಮೈದನ ಅಂಗಡಿಯಲ್ಲಿ ಯಾರೂ ಕೇಳದೆ ಧೂಳು ತಿನ್ನುತ್ತ ಕೂತಿದ್ದ ಇಪ್ಪತ್ತೈದರ ಮೋಟಾರು ಒಂದಿತ್ತು ಎಂಬುದು ಚರ್ಚೆಗೆ ಬರಲೇ ಇಲ್ಲ.

"ನಡೆಸೋಳು ಅವಳು. ಅವಳನ್ನೂ ಒಂದು ಮಾತು ಕೇಳೋಣ," ಎಂದರು ಧಣಿ. ಅವರು ನ್ಯಾಯವಂತರು. "ಏನಮ್ಮಾ, ಕೆಂಪು ಬೇಕೋ, ನೀಲಿ ಬೇಕೋ?"

"ಯಾವ ಬಣ್ಣವಾದರೂ ಸರಿ ಧಣಿ. ನನ್ನ ಕೈಲಿ ಎತ್ತೋಕಾಗಬೇಕು. ರಾತ್ರಿ ಬಿಚ್ಚಿ ಮನೆಗೆ ಒಯ್ಯಬೇಕಲ್ಲ."

"ಕೆಂಪು ಅಂತ ಬರ್ಕೊಳ್ಳಿ," ಎಂದರು ಧಣಿ.

ಕೆಂಪು ಮೋಟಾರನ್ನು ಲಾರಿಯಿಂದ ಇಳಿಸಲು ನಾಲ್ಕು ಜನ ಗಂಡಸರು ಬೇಕಾದರು. ದೋಣಿಯ ಹಿಂಬದಿಗೆ ಅದನ್ನು ಸಿಕ್ಕಿಸಿ ತಿರುಪು ಬಿಗಿದ ಕೂಡಲೇ ದೋಣಿಯ ಮೂತಿ ಮೇಲೆದ್ದು ಆಕಾಶ ನೋಡಿತು. ಧಣಿ ರಿಬ್ಬನ್ ಕತ್ತರಿಸಿ, ಬಿಳಿ ಪ್ಯಾಂಟಿನಲ್ಲಿ ಹಿಂದಿನ ಹಲಗೆಯ ಮೇಲೆ ಕುಳಿತರು. ಪತ್ರಿಕೆಯವನು ಫೋಟೋ ತೆಗೆದ. ಭಾವಮೈದ ಹಗ್ಗ ಎಳೆದ. ಮೋಟಾರು ಗರ್ಜಿಸಿತು. ಹಿಂದಿನಿಂದ ನೀರು ಒಳಗೆ ನುಗ್ಗಿ, ಧಣಿ ಸೊಂಟದ ತನಕ ನೆನೆದು, ಭಾವಮೈದನ ಕೊರಳನ್ನು ತಬ್ಬಿಕೊಂಡರು. ಆ ಫೋಟೋ ಪತ್ರಿಕೆಯಲ್ಲಿ ಬರಲಿಲ್ಲ. ಮೊದಲಿನದು ಬಂತು.

ಮರುದಿನವೇ ಸಮಿತಿ ಮತ್ತೆ ಸೇರಿ ತೀರ್ಮಾನ ಹೇಳಿತು. ಮೋಟಾರಿನಲ್ಲಿ ಯಾವ ದೋಷವೂ ಇಲ್ಲ. ದೋಣಿಯೇ ಮೋಟಾರಿಗೆ ತಕ್ಕದ್ದಲ್ಲ. ಮುಂದೆ ಎಂದಾದರೂ ದೊಡ್ಡ ದೋಣಿ ತರಿಸಲಾಗುವುದು. ಅಲ್ಲಿಯವರೆಗೆ ಹುಟ್ಟು ಹಾಕುವುದು.

"ಹಾಗಾದ್ರೆ ಮೋಟಾರು ಇಳಿಸಿಬಿಡಿ ಸಾಹೇಬ್ರೆ, ಸುಮ್ನೆ ಭಾರ," ಎಂದಳು ದೋಣಿಯಕ್ಕ.

"ಇಳಿಸೋದಾ? ಪೇಪರಲ್ಲಿ ಬಂದಿದೆ ಕಣಮ್ಮ. ನೋಡಿದೋರು ಏನಂದ್ಕೋತಾರೆ?" ಮ್ಯಾನೇಜರು ಗದರಿದರು. "ಹಾಂ, ಇನ್ನೊಂದು. ನಾಳೆಯಿಂದ ಸೈರನ್ನು ಅರ್ಧ ಗಂಟೆ ಮುಂಚೆ. ಮೋಟಾರು ಬಂದ ಮೇಲೆ ನಿಮಗೆ ಅರ್ಧ ಗಂಟೆ ಉಳೀತದಲ್ಲ."

"ಉಳಿದಿದ್ದು ನಮ್ಮದಲ್ವಾ?" ಮಾತಿನಮಲ್ಲಿ ಕೇಳಿದಳು.

"ಮೋಟಾರು ಯಾರದು?"



ಹೀಗೆ ದೋಣಿಯಕ್ಕ ಇಪ್ಪತ್ತೈದು ಕುದುರೆಗಳನ್ನು ಹಿಂದೆ ಕೂರಿಸಿಕೊಂಡು, ಮೊದಲಿಗಿಂತ ಅರ್ಧ ಗಂಟೆ ಮುಂಚೆ, ಹುಟ್ಟು ಹಾಕತೊಡಗಿದಳು. ಬಲಗೈ ಸೋತು, ಭಾರವೆಲ್ಲ ಎಡಗೈಗೆ ಬಿತ್ತು. ದೋಣಿಯ ಹಿಂಬದಿ ನೀರಿನಿಂದ ಗೇಣುದ್ದವೂ ಮೇಲಿರುತ್ತಿರಲಿಲ್ಲ. ಹೆಂಗಸರು ಊಟದ ಡಬ್ಬಿಗಳಿಂದ ನೀರು ಮೊಗೆದು ಚೆಲ್ಲುತ್ತಲೇ ದಾಟುತ್ತಿದ್ದರು.

ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಧಣಿಯದೇ ಮೀನು ಲಾಂಚು ಭರದಿಂದ ಪಕ್ಕದಲ್ಲಿ ಹಾದುಹೋಯಿತು. ಅದು ಎಬ್ಬಿಸಿದ ಅಲೆ ನೇರ ಹಿಂಬದಿಯಿಂದ ಹತ್ತಿತು. ಕಾಲ್ಗಂಟಿನ ನೀರು ಮೊಣಕಾಲಿಗೆ ಬಂತು. ಹಿಂದೆ ಕುಳಿತಿದ್ದ ಬಸುರಿ ಹುಡುಗಿ ಜಾರಿ ಅರ್ಧ ಹೊರಗೆ ಹೋದಳು. ಮಾತಿನಮಲ್ಲಿ ಅವಳ ಜಡೆ ಹಿಡಿದು ಜಗ್ಗಿದಳು.

"ಇನ್ನೊಂದು ಅಲೆ ಬರ್ತಿದೆ ಅಕ್ಕಾ," ಯಾರೋ ಕೂಗಿದರು.

ದೋಣಿಯಕ್ಕ ಹುಟ್ಟು ಬಿಟ್ಟಳು. ತೆವಳಿಕೊಂಡು ಹಿಂದೆ ಹೋಗಿ ಮೋಟಾರಿನ ತಿರುಪಿಗೆ ಕೈ ಹಾಕಿದಳು. ಒಂದು ಸಡಿಲಾಯಿತು. ಇನ್ನೊಂದು ಜಗ್ಗಲಿಲ್ಲ. ಮೂವರ ಕೈ ಅವಳ ಕೈಯ ಮೇಲೆ ಬಿತ್ತು. ತಿರುಪು ಕಿರುಗುಟ್ಟಿತು. ಎಲ್ಲರೂ ಕಾಲಿನಿಂದ ಒದ್ದರು. ಕೆಂಪು ಮೋಟಾರು ಒಮ್ಮೆ ವಾಲಿ, ಗುಳುಂ ಎಂದು ಮುಳುಗಿತು. ದೋಣಿ ಎದ್ದು ನಿಂತಿತು. ಎರಡನೆಯ ಅಲೆ ಅಡಿಯಿಂದ ಹಾದುಹೋಯಿತು.

ಬಸುರಿ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಆಮೇಲೆ, "ಒದೀತಿದೆ ಅಕ್ಕ," ಎಂದಳು. "ಒಳಗಿಂದ ಒದೀತಿದೆ." ದೋಣಿಯಕ್ಕ ಹುಟ್ಟು ಕೈಗೆತ್ತಿಕೊಂಡಳು. ಶೆಡ್ಡಿನ ಕಡೆಗೆ ತಿರುಗಿದ್ದ ಮೂತಿಯನ್ನು ಕೇರಿಯ ಕಡೆಗೆ ತಿರುಗಿಸಿದಳು.

ಅವತ್ತು ಸೈರನ್ನು ಮೂರು ಸಲ ಕೂಗಿತು. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ದೂರದ ಸೇತುವೆ ಸುತ್ತಿಕೊಂಡು ಕಾರಿನಲ್ಲಿ ಕೇರಿಗೆ ಬಂದರು. ದಡದಲ್ಲಿ ಹೆಂಗಸರೆಲ್ಲ ಕುಳಿತಿದ್ದರು.

"ಮೋಟಾರೆಲ್ಲಿ?"

"ನೀರಲ್ಲಿದೆ. ಮೋಟಾರು ಇರಬೇಕಾದ ಜಾಗ ಅದೇ ಅಲ್ವಾ ಸಾಹೇಬ್ರೆ," ಎಂದಳು ಮಾತಿನಮಲ್ಲಿ.

"ದೋಣಿಯವಳು ಕೆಲಸದಿಂದ ವಜಾ. ಧಣಿ ಹೇಳಿಕಳಿಸಿದಾರೆ. ಬೇರೆಯವರು ಹುಟ್ಟು ತಗೊಂಡು ಹೊರಡಿ. ಮೀನು ಕೊಳೀತಿದೆ."

ಯಾರೂ ಏಳಲಿಲ್ಲ. ಮ್ಯಾನೇಜರು ಒಬ್ಬೊಬ್ಬರ ಮುಖ ನೋಡಿದರು. ಕೊನೆಗೆ ದೋಣಿಯಕ್ಕನ ಅತ್ತೆ, ಕೋಲೂರಿಕೊಂಡು ಎದ್ದು ಬಂದು, ಹುಟ್ಟನ್ನು ಅವರ ಮುಂದೆ ಹಿಡಿದಳು.

"ತಗೊಳಪ್ಪ. ನೀನೇ ಹಾಕು. ಈಗ ಇಳಿತ ಶುರುವಾಗಿದೆ, ಮಜಾ ಇರ್ತದೆ."

ಮ್ಯಾನೇಜರು ನೀರಿನ ಕಡೆ ನೋಡಿದರು, ಹುಟ್ಟಿನ ಕಡೆ ನೋಡಿದರು, ತಮ್ಮ ಬೂಟಿನ ಕಡೆ ನೋಡಿದರು.

"ಏನು ಬೇಕು ನಿಮಗೆ?" ದನಿ ಇಳಿದಿತ್ತು.

ದೋಣಿಯಕ್ಕ ಮುಂದೆ ಬಂದಳು. "ಸೈರನ್ನು ಹಳೇ ಹೊತ್ತಿಗೆ ಆಗಬೇಕು. ನಾನು ಕೆಲಸದಲ್ಲಿರಬೇಕು," ಎಂದಳು. "ಮೋಟಾರು ನಾವು ಆರಿಸ್ತೀವಿ, ಧಣಿ ಕೊಡಿಸಲಿ."

"ಅದಕ್ಕೆ ಸಮಿತಿ ಇದೆಯಲ್ಲಮ್ಮ."

"ಇದೇ ಸಮಿತಿ," ಎಂದು ಅವಳು ಕುಳಿತವರ ಕಡೆ ಎಡಗೈ ತೋರಿಸಿದಳು.

ಎರಡನೆಯ ದಿನ ಶೆಡ್ಡಿನ ವಾಸನೆ ನೀರು ದಾಟಿ ಕೇರಿಗೆ ಬಂತು. ಅಂದರೆ ಧಣಿಯ ಕೋಣೆಗೂ ಬಂದಿರಬೇಕು. ಮೂರನೆಯ ಬೆಳಿಗ್ಗೆ ಸೈರನ್ನು ಹಳೆಯ ಹೊತ್ತಿಗೇ ಕೂಗಿತು. ಕೂಗಿದ ಸ್ವಲ್ಪ ಹೊತ್ತಿಗೆ ಧಣಿಯೇ ಕಾರಿನಲ್ಲಿ ಬಂದು ಆಚೆ ದಡದಲ್ಲಿ ನಿಂತರು.

"ಆಯ್ತು, ಬನ್ನಿ," ಎಂದು ಕೈ ಬೀಸಿ ಕೂಗಿದರು. "ಅವಳೂ ಬರಲಿ. ಯಾವ ಮೋಟಾರಾದ್ರೂ ಆರಿಸ್ಕೊಳ್ಳಿ, ಹಾಳಾಗಿ ಹೋಗಲಿ, ಬನ್ನಿ."

ಈಚೆ ದಡದಲ್ಲಿ ಯಾರಿಗೂ ಬಿಡುವಿರಲಿಲ್ಲ. ರಿಪೇರಿಯಣ್ಣ ಮೂರು ಸಣ್ಣ ಮೋಟಾರು ತಂದು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದ. ಹೆಂಗಸರು ಒಂದೊಂದನ್ನೂ ಎತ್ತಿ, ತೂಗಿ, ಹಗ್ಗ ಎಳೆದು, ಪಕ್ಕದವಳ ಕೈಗೆ ಕೊಡುತ್ತಿದ್ದರು. ಬಸುರಿ ಹುಡುಗಿಯೂ ಕೇಳಿದಳು, ಅವಳಿಗೆ ಕೊಡಲಿಲ್ಲ, ಬೈದು ಕೂರಿಸಿದರು. ಒಂದು ಭಾರವಾಯಿತೆಂದು ಬದಿಗಿಟ್ಟರು. ಒಂದರ ಹಗ್ಗ ಬಿಗಿಯಾಯಿತೆಂದರು. ಉಳಿದದ್ದನ್ನು ದೋಣಿಯಕ್ಕ ಎಡಗೈಯಲ್ಲಿ ಹಿಡಿದು ಮೇಲೆತ್ತಿದಳು. ಎತ್ತಿದವಳು ಬೇಗ ಇಳಿಸಲಿಲ್ಲ.

ಆಚೆಯಿಂದ ಕಾರಿನ ಹಾರ್ನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಧಣಿ ಕರೀತಿದಾರೆ ಅಕ್ಕ," ಎಂದಳು ಮಾತಿನಮಲ್ಲಿ.

"ಕಾಯಲಿ," ಎಂದಳು ದೋಣಿಯಕ್ಕ. "ಇನ್ನೂ ಮೂವರು ಎತ್ತಿ ನೋಡಿಲ್ಲ."