ಜಮಖಾನ ಬಡಿಯುವ ಕಂಬಿ

ಧಪ್, ಧಪ್, ಎದುರು ಕಟ್ಟಡದ ಅಂಗಳದಲ್ಲಿ ಯಾರೋ ಜಮಖಾನವನ್ನು ಕಂಬಿಯ ಮೇಲೆ ಹಾಕಿ ಬಡಿಯುತ್ತಿದ್ದಾರೆ, ಕಿಟಕಿ ಮುಚ್ಚಲೂ ಬೇಸರ, ಸೂಕ್ಷ್ಮದರ್ಶಕದ ಕೆಳಗೆ ಗಾಜಿನ ಪಟ್ಟಿಯನ್ನು ಎಷ್ಟು ಸರಿಸಿದರೂ ಬರೀ ಪೇಲವ ನೀಲಿ, ಅಂಡಾಶಯದ ಗಡ್ಡೆಯಾಗಿದ್ದರೆ ಈ ಬಣ್ಣಕ್ಕೆ ಕೋಶಕೇಂದ್ರಗಳು ಕಂದಾಗಬೇಕಿತ್ತು, ಆಗಿಲ್ಲ — ಕಾಫಿ ಆರಿದೆ, ಮೂವತ್ತೊಂದು ವರ್ಷದಿಂದ ಇದೇ ಕುರ್ಚಿ — ಹೋದ ವಾರ ಅಂಡಾಶಯವೆಂದು ಬರೆದು ಕಳಿಸಿದವಳು ನಾನೇ, ಹೆಲ್ಸಿಂಕಿಯಲ್ಲಿ ಓದಿ ಬಂದ ಶಸ್ತ್ರವೈದ್ಯ ತಾಪಿಯೊನ ಚೀಟಿಯಲ್ಲಿ ಹಾಗೇ ಇತ್ತು, ಲೆಂಪಿ, ಎಪ್ಪತ್ತಾರು, ಹೊಟ್ಟೆ ತುಂಬ ನೀರು, ಉದ್ಯೋಗ ಗೃಹಿಣಿ, ಗೃಹಿಣಿ ಎಂದಿದ್ದರೆ ನಾವು ಮುಂದೆ ಕೇಳುವುದಿಲ್ಲ, ಈ ಬಣ್ಣಗಳನ್ನು ಆಗಲೇ ಹಾಕಿಸಬೇಕಿತ್ತು, ಯಾಕೆ ಹಾಕಿಸಲಿಲ್ಲ, ಸುಸ್ತು, ಅಷ್ಟೇ, ನಿನ್ನೆ ಮನಸ್ಸು ತಡೆಯದೆ ಹಾಕಿಸಿದೆ, ನಾಳೆ ಅವಳಿಗೆ ಮದ್ದು ಶುರು, ಅಂಡಾಶಯದ ಮದ್ದು, ಫೋನಿನಲ್ಲಿ ತಾಪಿಯೊನ ನಗು, ಏನಮ್ಮಾ ಹಿಲ್ಕಾ, ರಿಟೈರಾಗೋ ಹೊತ್ತಿಗೆ ಅನುಮಾನ ಜಾಸ್ತಿ ಆಯ್ತಾ, ಸಹಿ ಹಾಕಿದ್ದು ನೀನೇ ತಾನೆ, ಹೌದು ಕಣಯ್ಯ ನಾನೇ, ನಿಲ್ಸು ಅಂತಿರೋಳೂ ನಾನೇ — ಇನ್ನೊಂದು ಪಟ್ಟಿ, ಬೇರೆ ಬಣ್ಣ ಹಾಕಿದ್ದು, ಇದರಲ್ಲಿ ಕಂದು ಉಕ್ಕಿ ನಿಂತಿದೆ, ಹೊಟ್ಟೆಯ ಒಳಪೊರೆಯಲ್ಲೇ ಹುಟ್ಟಿದ ಗಡ್ಡೆ, ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ತರುವಂಥದ್ದು, ಹಡಗುಕಟ್ಟೆಯ ಗಂಡಸರಲ್ಲಿ ಕಂಡಿದ್ದೇನೆ, ಗೃಹಿಣಿಗೆಲ್ಲಿಂದ, ಚಿಕ್ಕಂದಿನಲ್ಲಿ ಲಾಪುವಾ ಊರಿನ ಪ್ರಾರ್ಥನಾಮನೆಯಲ್ಲಿ ನನ್ನ ಅಜ್ಜಿ ಪದ್ಯ ಹೇಳುವಾಗ ಸಾಲಿನ ಕೊನೆಗೆ ತುಸು ನಿಲ್ಲುತ್ತಿದ್ದಳು, ನಿಂತ ಕಡೆ ಕಿವಿಗೊಡು ಮಗೂ, ದೇವರು ಅಲ್ಲಿರ್ತಾನೆ — ರೋಗಿಯೊಡನೆ ಮಾತಾಡುವುದು ನಮ್ಮ ರೋಗಶಾಸ್ತ್ರ ವಿಭಾಗದ ರೂಢಿಯಲ್ಲ, ಆದರೂ ವಾರ್ಡಿಗೆ ಫೋನು ಮಾಡಿದೆ, ಲೆಂಪಿಯಮ್ಮ, ನಿಮ್ಮ ಯಜಮಾನ್ರು ಏನು ಕೆಲಸದಲ್ಲಿದ್ರು, ಹಡಗಿನ ಕೊಳವೆಗಳಿಗೆ ಹೊದಿಕೆ ಸುತ್ತೋದು ಡಾಕ್ಟ್ರೇ, ಅವರ ಬಟ್ಟೆ ಯಾರು ಒಗೀತಿದ್ರು, ಕೆಮ್ಮು ಬೆರೆತ ನಗು, ಅವನು ಒಗೀತಿದ್ನಾ ಮತ್ತೆ, ಶನಿವಾರ ಸೌನಾ ಹಬೆಸ್ನಾನಕ್ಕೆ ಮುಂಚೆ ಅಂಗಳದ ಕಂಬಿ ಮೇಲೆ ಹಾಕಿ ಜಮಖಾನದ ಹಾಗೇ ಬೆತ್ತದಲ್ಲಿ ಬಡೀತಿದ್ದೆ, ಧೂಳು ಬೆಳ್ಳಗೆ ಏಳ್ತಿತ್ತು ನೋಡಿ, ಆಮೇಲೆ ಒಂದು ನಿಲುಗಡೆ, ಕಿವಿಗೊಟ್ಟೆ, ಉಸಿರಷ್ಟೇ ಕೇಳಿತು, ಇದು ಅಂಡಾಶಯದ್ದಲ್ಲ ಅನಿಸುತ್ತೆ ಎಂದುಬಿಟ್ಟೆ, ಫೋನು ಮಗಳು ಇರ್ಯಾಳ ಕೈಗೆ ಹೋಯಿತು, ನಿಜಾನಾ, ಹಾಗಾದ್ರೆ ವಂಶದಿಂದ ಬರೋದಲ್ಲ, ನನ್ನ ಅಂಡಾಶಯಾನೂ ತೆಗೆಸ್ಬೇಕು ಅಂತ ಹೆದರಿ ಸತ್ತಿದ್ದೆ, ನಾನು ಬಚಾವಾದೆ ಅಲ್ವಾ ಡಾಕ್ಟ್ರೇ, ಹಿಂದಿನಿಂದ ತಾಯಿಯ ದನಿ, ನೆನಪಿದ್ಯೇನೇ, ನೀನು ಕಂಬಿ ಕೆಳಗೇ ನಿಲ್ತಿದ್ದೆ, ನಾಲಿಗೆ ಚಾಚ್ಕೊಂಡು, ಅಮ್ಮಾ ಜುಲೈನಲ್ಲೂ ಹಿಮ ಬಿತ್ತು ಅಂತ, ಫೋನು ಇಟ್ಟೆ, ವರದಿ ತಿದ್ದಬೇಕು, ತಿದ್ದಿದೆ, ನಾಳಿನ ಮದ್ದು ನಿಂತಿತು, ತಾರೀಖು, ಸಹಿ, ಬಚಾವಾದೆ ಅಲ್ವಾ, ವರದಿಯಲ್ಲಿ ಅದಕ್ಕೆ ಜಾಗವಿಲ್ಲ, ಧಪ್, ಬೆತ್ತ ಏಳುತ್ತದೆ, ಧೂಳು ಬೆಳ್ಳಗೆ, ಕಂಬಿಯ ಕೆಳಗೆ ಐದು ವರ್ಷದ ಇರ್ಯಾ, ಮುಖ ಮೇಲೆತ್ತಿ, ಕಣ್ಣು ಮುಚ್ಚಿ, ನಾಲಿಗೆ ಚಾಚಿದ್ದಾಳೆ, ಧಪ್, ನಾಲಿಗೆ ಚಾಚಿದ್ದಾಳೆ.