ಗುದ್ದಿಸಿಕೊಳ್ಳುವ ಕೆಲಸ

"ಏಯ್ ಬೇವರ್ಸಿ, ಕಾಲು ಊರಿ ನಿಲ್ಲು! ಮದುಮಗಳ ಹಾಗೆ ಎಂತ ಹಿಂದೆ ಹಿಂದೆ ಹೋಗುದು?"

ಶರ್ವಿನ್ ಗೆರೆಯಾಚೆ ನಿಂತು ಕೂಗಿದ. ಚನಿಯ ಎದೆಯಗಲದ ನೀಲಿ ದಿಂಬನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕಾಲು ಊರಿದ. ಎದುರಿನಿಂದ ಹೆಲ್ಮೆಟ್ಟು ಹಾಕಿ, ಹೆಗಲಿಗೆ ಗಟ್ಟಿ ಕವಚ ಕಟ್ಟಿದ ಹುಡುಗನೊಬ್ಬ ತಲೆ ತಗ್ಗಿಸಿ ಓಡಿ ಬಂದ. ದಿಂಬು ಎದೆಗೆ ಅಪ್ಪಳಿಸಿತು. ಚನಿಯ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಅಂಗಾತ ಬಿದ್ದ. ಚಪ್ಪಾಳೆ ಬಿತ್ತು, ಗುದ್ದಿದವನಿಗೆ.

"ನಿನ್ನ ಅಪ್ಪ ನಮ್ಮ ಗದ್ದೆಯಲ್ಲಿ ಕೋಣ ಹಿಡಿದು ನಿಲ್ತಿದ್ದ ಮಾರಾಯ. ನಿನಗೆ ಮಕ್ಕಳ ಒಂದು ಗುದ್ದು ತಡೀಲಿಕ್ಕೆ ಆಗುದಿಲ್ವಾ? ಏಳು, ಏಳು, ಯಲ್ಲಾ!"

ಗುದ್ದಿದ ಹುಡುಗನ ಹೆಸರು ಅನಿಕೇತ್. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ಅವನ ಮನೆ, ಅಪ್ಪ ಅಮ್ಮ ಉಡುಪಿಯ ಕಡೆಯವರು. ಕನ್ನಡ ಕಿವಿಗೆ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಶರ್ವಿನ್ನನ ಬೈಗುಳಕ್ಕೆ ಇಡೀ ತಂಡದಲ್ಲಿ ನಗುತ್ತಿದ್ದವನು ಅವನೊಬ್ಬನೇ.

ನಗರದ ಹೊರಗಿನ ಕಾಲೇಜೊಂದಕ್ಕೆ ಚನಿಯ ಮೈದಾನ ಗುಡಿಸಲು, ನೀರು ಹಾಯಿಸಲು, ಬಿಳಿ ಗೆರೆ ಎಳೆಯಲು ಬಂದವನು. ಆಟ ಅಮೆರಿಕದ ಫುಟ್‌ಬಾಲು. ಕಾಲಿನ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬ ಓಡಬೇಕು, ಉಳಿದವರು ಅವನನ್ನು ಕೆಡವಬೇಕು. ಕೆಡವುವ ಅಭ್ಯಾಸಕ್ಕೆಂದು ಆಳೆತ್ತರದ ಬೊಂಬೆಗಳಿದ್ದವು. ಸೀಸನ್ ಶುರುವಾಗುವ ಹೊತ್ತಿಗೆ ಅವು ಹರಿದು ಹೊಟ್ಟೆಯ ಸ್ಪಂಜು ಹೊರಬಂತು. ಹೊಲಿಸಲು ದುಬೈಯ ರಾಸ್ ಅಲ್ ಖೋರಿನ ವರ್ಕ್‌ಶಾಪಿಗೆ ಕಳಿಸಿದರು. ಅಲ್ಲಿಯವರೆಗೆ ಏನು ಮಾಡುವುದು ಎಂದು ಅಮೆರಿಕದ ಕೋಚ್ ತಲೆ ಕೆರೆದುಕೊಂಡಾಗ, "ನಮ್ಮ ಜನ ಇದ್ದಾರೆ ಕೋಚ್" ಎಂದು ಮುಂದೆ ಬಂದವನು ಶರ್ವಿನ್.

ಶರ್ವಿನ್ ಮೈದಾನ ನೋಡಿಕೊಳ್ಳುವ ಕಂಪನಿಯ ಸೂಪರ್‌ವೈಸರ್. ವಿಟ್ಲದ ಕಡೆಯ ಗುತ್ತಿನ ಮನೆಯವನು, ಜಮೀನ್ದಾರರ ವಂಶ. ಆ ಮನೆಯ ಅಂಗಳದಾಚೆ ನಿಂತು ಚನಿಯನ ತಾಯಿ ಗಂಜಿ ಹಾಕಿಸಿಕೊಳ್ಳುತ್ತಿದ್ದಳು. ಚನಿಯನಿಗೆ ವೀಸಾ ಮಾಡಿಸಿ ಕರೆತಂದವನೂ ಇವನೇ. ಜನರ ಮುಂದೆ 'ಸರ್' ಅನ್ನಬೇಕು, ಕೆಲಸಗಾರರು ಉಳಿಯುವ ಕ್ಯಾಂಪಿನ ಒಳಗೆ 'ಧಣಿ' ಅನ್ನಬೇಕು ಎಂದು ವಿಮಾನ ನಿಲ್ದಾಣದಿಂದ ಬರುವ ವ್ಯಾನಿನಲ್ಲೇ ಹೇಳಿಕೊಟ್ಟಿದ್ದ.

ದಿಂಬು ಹಿಡಿಯಲು ಚನಿಯನ ಜೊತೆಗೆ ಅಬ್ದುಲ್ ಗಫೂರ್ ಇದ್ದರು. ಭಟ್ಕಳದವರು. ದುಬೈಯ ಮುರಕ್ಕಬಾತಿನಲ್ಲಿದ್ದ ನೆಂಟರ ಅಂಗಡಿ ಮುಚ್ಚಿದ ಮೇಲೆ ಈ ಕೆಲಸಕ್ಕೆ ಇಳಿದವರು. ಗಡ್ಡ ಪೂರ್ತಿ ನರೆತಿತ್ತು. ಒಮ್ಮೆ ಅವರೇ ಶರ್ವಿನ್ನನನ್ನು ಕೇಳಿದರು, "ನಮಗೂ ಒಂದೊಂದು ಹೆಲ್ಮೆಟ್ ಕೊಡೂದಲ್ವಾ ಸಾರ್?"

"ಅದು ಆಟ ಆಡುವವರಿಗೆ ಸಾಯ್ಬ್ರೇ. ನೀವು ಆಡ್ತೀರಾ?"

ತಂಡ ಗೆಲ್ಲತೊಡಗಿತು. ದುಬೈಗೆ ಹೋಗಿ ಗೆದ್ದು ಬಂತು, ಮನೆಯ ಮೈದಾನದಲ್ಲೂ ಗೆದ್ದಿತು. ಪ್ರತಿ ಗೆಲುವಿನ ಮರುದಿನ ಅಭ್ಯಾಸ ಇನ್ನಷ್ಟು ಬಿರುಸಾಗುತ್ತಿತ್ತು. ಚನಿಯನಿಗೆ ಮೊದಮೊದಲು ಪಕ್ಕೆ ನೋಯುತ್ತಿತ್ತು, ಕೆಮ್ಮಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಅನ್ನಕ್ಕೆ ಸಾರು ಕಲಸುವಾಗ ಬೆರಳಿಗೆ ಬಿಸಿ ತಿಳಿಯುತ್ತಿರಲಿಲ್ಲ. ಕ್ಯಾಂಪಿನ ಮಂಚದಲ್ಲಿ ಮಲಗಿ ಬಲಗೈಯಿಂದ ಎಡಗೈಯನ್ನು ಮುಟ್ಟಿದರೆ ಬೇರೆ ಯಾರದ್ದೋ ಕೈ ಮುಟ್ಟಿದ ಹಾಗಿರುತ್ತಿತ್ತು.

ಕಾಲೇಜಿನವರು ಫೇಸ್‌ಬುಕ್ಕಿಗೆ ಹಾಕಿದ ಫೋಟೋದ ಮೂಲೆಯಲ್ಲಿ ಅವನೂ ದಿಂಬು ಹಿಡಿದು ನಿಂತದ್ದು ಬಿದ್ದಿತ್ತು. ಊರಿನಿಂದ ಮಗಳು ಫೋನು ಮಾಡಿದಳು.

"ಅಪ್ಪ, ನೀನು ಅಲ್ಲಿ ಆಟ ಆಡುದಾ?"

"ಹ್ಞೂಂ ಮಗಾ."

"ಯಾವ ಜಾಗದಲ್ಲಿ ಆಡುದು?"

"ಎದುರಲ್ಲಿ," ಅಂದ.

ಬೊಂಬೆಗಳು ಹೊಲಿಗೆ ಮುಗಿಸಿ ವಾಪಸು ಬಂದವು. ಚನಿಯನೇ ಅವನ್ನು ಲಾರಿಯಿಂದ ಇಳಿಸಿದ. ಇನ್ನು ಮುಗಿಯಿತು ಎಂದು ಗಫೂರ್ ಉಸಿರು ಬಿಟ್ಟರು. ಆದರೆ ಕೋಚ್ ಅವನ್ನು ಗೋದಾಮಿಗೆ ಹಾಕಿಸಿದ. ಬೊಂಬೆ ಅಲುಗಾಡುವುದಿಲ್ಲ, ಮನುಷ್ಯರಾದರೆ ಗುದ್ದುವ ಮೊದಲು ಸ್ವಲ್ಪ ಹೆದರುತ್ತಾರೆ, ಹುಡುಗರಿಗೆ ಅದೇ ಒಳ್ಳೆಯ ಪಾಠ ಎಂದನಂತೆ. ಶರ್ವಿನ್ ಅದನ್ನು ಹೆಮ್ಮೆಯಿಂದಲೇ ಬಂದು ಹೇಳಿದ.

ಸೆಮಿಫೈನಲಿಗೆ ಮುಂಚಿನ ಸಂಜೆ. ಗಫೂರರಿಗೆ ಮೈ ಬಿಸಿಯಿತ್ತು. "ಇವತ್ತೊಂದು ದಿನ ಬಿಡಿ ಸಾರ್," ಅಂದರು. ಶರ್ವಿನ್ ಕೇಳಿಸಿಕೊಳ್ಳದವನ ಹಾಗೆ ದಿಂಬನ್ನು ಅವರ ಎದೆಗೆ ಒತ್ತಿದ. ಅನಿಕೇತ್ ಓಡಿ ಬಂದ. ಗಫೂರ್ ಹಾರಿ ಬಿದ್ದರು, ತಲೆಯ ಹಿಂಭಾಗ ಗೋಲಿನ ಕಬ್ಬಿಣದ ಕಂಬಕ್ಕೆ ಬಡಿಯಿತು.

ಚನಿಯ ಓಡಿಹೋಗಿ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡ. ರಕ್ತ ಹೆಚ್ಚೇನೂ ಇರಲಿಲ್ಲ. ಗಫೂರ್ ಕಣ್ಣು ತೆರೆದರು. "ರುಕಿಯ್ಯ," ಎಂದು ಹೆಂಡತಿಯನ್ನು ಕರೆದು, ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಕೇಳಿದರು. ಆಮೇಲೆ ವಾಂತಿ ಮಾಡಿಕೊಂಡರು. ಅನಿಕೇತ್ ಬಗ್ಗಿ, "ಸಾರಿ ಅಂಕಲ್, ಆರ್ ಯೂ ಓಕೆ?" ಎಂದ. ಕೋಚ್ ಬಂದು ನೋಡಿ, ಶರ್ವಿನ್ನನಿಗೆ ಸನ್ನೆ ಮಾಡಿ, ಸೀಟಿ ಊದಿದ. ಹುಡುಗರೆಲ್ಲ ಚೆಂಡು ತೆಗೆದುಕೊಂಡು ಆಚೆ ಹೋದರು. ಆಸ್ಪತ್ರೆಗೆ ಒಯ್ಯುವ ವ್ಯಾನು ಬರುವ ತನಕ ಅಭ್ಯಾಸ ಅಲ್ಲಿ ನಡೆಯಿತು.

"ಚನಿಯಾ, ದಿಂಬು ಹಿಡ್ಕೊಂಡು ಅಲ್ಲಿಗೆ ಹೋಗು."

"ಧಣಿ, ಇವರು..."

"ಸರ್ ಅನ್ನು, ಬೋಳಿಮಗನೆ! ಇವರನ್ನು ನಾನು ನೋಡ್ಕೊಳ್ತೇನೆ."

ಚನಿಯ ಗಫೂರರ ತಲೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟು ಎದ್ದು ಹೋದ. ಅಂದು ಎಷ್ಟು ಗುದ್ದು ತಿಂದನೋ, ಒಂದೂ ತಿಳಿಯಲಿಲ್ಲ.

ಗಫೂರರನ್ನು ಆಸ್ಪತ್ರೆಯಿಂದ ಸೀದಾ ವಿಮಾನಕ್ಕೆ ಹತ್ತಿಸಿದರು, ಗಾಲಿಕುರ್ಚಿಯಲ್ಲಿ. ಮಂಗಳೂರಿನಲ್ಲಿ ಕಾದಿದ್ದ ರುಕಿಯ್ಯಳನ್ನು ನೋಡಿ, "ನೀವು ಯಾರ ಮನೆಯವರು?" ಎಂದು ಕೇಳಿದರಂತೆ. ಕ್ಯಾಂಪಿನಲ್ಲಿ ಶರ್ವಿನ್ ಎಲ್ಲರನ್ನೂ ಸೇರಿಸಿದ.

"ಯಾರು ಕೇಳಿದ್ರೂ ಸಾಯ್ಬ್ರು ಬಚ್ಚಲಲ್ಲಿ ಜಾರಿ ಬಿದ್ದದ್ದು. ಆಯ್ತಾ? ಖಲಾಸ್."

ಎಲ್ಲರೂ ತಲೆ ಆಡಿಸಿದರು. ಚನಿಯನೂ ಆಡಿಸಿದ.

ಫೈನಲ್ ನಡೆದದ್ದು ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ. ಮೆಟ್ಟಿಲುಗಳ ತುಂಬ ಜನ, ಧ್ವಜ, ಹಾಡು. ಚನಿಯ ಬೆಳಿಗ್ಗೆಯೇ ಗೆರೆ ಎಳೆದು ಮುಗಿಸಿದ್ದ. ಆಟಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಹುಡುಗರು ಸಾಲಾಗಿ ನಿಂತರು. ಶರ್ವಿನ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ದಿಂಬು ಕೊಟ್ಟ.

"ಇವತ್ತು ವಿಡಿಯೋ ಉಂಟು. ಬಿದ್ರೆ ನಗಾಡಿಕೊಂಡು ಏಳ್ಬೇಕು. ಹಲ್ಲು ಕಾಣ್ಬೇಕು."

ಚನಿಯ ದಿಂಬು ತೆಗೆದುಕೊಂಡ. ಸಾಲಿನ ಎದುರು ನಿಲ್ಲದೆ ಮುಂದೆ ನಡೆದ. ಮೈದಾನದ ನಟ್ಟನಡುವಿಗೆ ಹೋಗಿ ದಿಂಬನ್ನು ನೆಲಕ್ಕೆ ಹಾಕಿ, ಅದರ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಮೆಟ್ಟಿಲುಗಳ ಮೇಲಿಂದ ಯಾರೋ ಶಿಳ್ಳೆ ಹಾಕಿದರು.

ಶರ್ವಿನ್ ಓಡಿ ಬಂದ. "ಎಂತದಾ ಇದು? ಏಳಾ!"

"ಇಲ್ಲ."

"ರಂಡೆಮಗನೆ, ವೀಸಾ ಕ್ಯಾನ್ಸಲ್ ಮಾಡಿಸ್ತೇನೆ! ಇಲ್ಲಿಂದ ಸೀದಾ ಊರಿಗೆ!"

"ಮಾಡ್ಸು ಶರ್ವಿನ್."

ಹೆಸರು ಹಿಡಿದು ಕರೆದದ್ದು ಯಾರಿಗಾದರೂ ಕೇಳಿಸಿತೇ ಎಂದು ಶರ್ವಿನ್ ಸುತ್ತ ನೋಡಿದ. ಆಮೇಲೆ ರಟ್ಟೆ ಹಿಡಿದು ಎಳೆದ. ಚನಿಯ ಮೈಯನ್ನು ಸಡಿಲ ಬಿಟ್ಟು ಕೂತೇ ಇದ್ದ. ಅಷ್ಟರಲ್ಲಿ ಕೋಚ್ ಬಂದ, ರೆಫರಿ ಬಂದ, ಹಿಂದಿನಿಂದ ಹುಡುಗರೂ ಬಂದು ಸುತ್ತುವರಿದರು. ಚನಿಯ ಒಂದೊಂದೇ ಹೆಲ್ಮೆಟ್ಟಿನೊಳಗೆ ನೋಡುತ್ತ ಹೋಗಿ ಅನಿಕೇತನ ಮೇಲೆ ಕಣ್ಣು ನಿಲ್ಲಿಸಿದ.

"ಗಫೂರ್ ಭಾಯ್ ಬಚ್ಚಲಲ್ಲಿ ಬಿದ್ದದ್ದಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಊಟ ಆಯಿತಾ ಎಂದು ಕೇಳುವ ಹಾಗಿತ್ತು. "ಇಲ್ಲಿ ಬಿದ್ದದ್ದು. ನೀನು ಗುದ್ದಿದ್ದು. ಅವರಿಗೆ ಈಗ ಹೆಂಡತಿಯ ಗುರುತು ಸಿಗುದಿಲ್ಲ. ನಿನಗೆ ನನ್ನ ಮಾತು ಅರ್ಥ ಆಗ್ತದೆ, ನನಗೆ ಗೊತ್ತುಂಟು. ಇವರಿಗೆಲ್ಲ ಹೇಳು."

"ವಾಟ್ ಈಸ್ ಹಿ ಸೇಯಿಂಗ್?" ಕೋಚ್ ಕೇಳಿದ.

"ನಥಿಂಗ್ ಕೋಚ್. ಕುಡಿದಿದ್ದಾನೆ," ಎಂದು ಶರ್ವಿನ್ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿ, ಕುಡಿಯುವ ಸನ್ನೆ ಮಾಡಿದ.

ಕೋಚ್ ಅವನನ್ನು ಬಿಟ್ಟು ಅನಿಕೇತನ ಕಡೆ ತಿರುಗಿದ. ಅದೇ ಪ್ರಶ್ನೆ ಕೇಳಿದ. ಅನಿಕೇತ್ ಹೆಲ್ಮೆಟ್ಟು ತೆಗೆದ. ಪೆಟ್ಟು ತಾಗದಂತೆ ಹಲ್ಲಿಗೆ ಹಾಕಿಕೊಂಡಿದ್ದ ರಬ್ಬರ್ ತುಂಡನ್ನು ಉಗಿದು ಅಂಗೈಯಲ್ಲಿ ಹಿಡಿದ, ಅದರಿಂದ ಜೊಲ್ಲು ಇಳಿಯುತ್ತಿತ್ತು. ಬಾಯಿ ತೆರೆದ. ಮೆಟ್ಟಿಲುಗಳಲ್ಲಿ ಅವನ ಅಪ್ಪ ಅಮ್ಮ ಎದ್ದು ನಿಂತಿದ್ದರು. ಬಾಯಿ ತೆರೆದೇ ಇತ್ತು.