‘ಬರಿಗೈ’ ಬಾರಿಸಿದ ಗಿಟಾರು

ನಾನು ಒಂದು ಗಿಟಾರು. ಕರೆಂಟು ಬೇಡದ, ಹೊಟ್ಟೆ ಟೊಳ್ಳಾದ ಮರದ ಗಿಟಾರು. ಕಲ್ಕತ್ತದ ಒಂದು ಗಲ್ಲಿಯಲ್ಲಿ ತೆಳ್ಳಗಿನ ಬೀಟೆ ಹಲಗೆಯನ್ನು ಬಿಸಿ ಕೊಳವೆಗೆ ಒತ್ತಿ ಬಗ್ಗಿಸಿ ನನಗೆ ಸೊಂಟ ತಂದರು. ಅಂದಿನಿಂದ ನಾನು ಮನುಷ್ಯರನ್ನು ನೋಡಿದ್ದೆಲ್ಲ ಮಡಿಲಿನಿಂದ, ಅಂದರೆ ಗಲ್ಲದ ಕೆಳಗಿನಿಂದ. ಅಲ್ಲಿಂದ ಯಾರೂ ದೊಡ್ಡವರಾಗಿ ಕಾಣುವುದಿಲ್ಲ, ಮೂಗಿನ ಹೊಳ್ಳೆಗಳಷ್ಟೇ ಕಾಣುತ್ತವೆ.

ನನ್ನನ್ನು ಕೊಂಡವರು ಐವನ್ ಡೇಸಾ. ಮಂಗಳೂರಿನಿಂದ ಬೆಂಗಳೂರಿಗೆ ಬಂದು, ಲಿಂಗರಾಜಪುರದ ಮಹಡಿ ಕೋಣೆಯಲ್ಲಿ ಮಕ್ಕಳಿಗೆ ಗಿಟಾರು ಪಾಠ ಹೇಳುತ್ತಿದ್ದರು. ಭಾನುವಾರ ಇಗರ್ಜಿ, ಉಳಿದಂತೆ ಮದುವೆ. ಮದುವೆಗಳಲ್ಲಿ ಅವರು ಎಷ್ಟು ಚೆಂದ ಬಾರಿಸಿದರೂ ಜನ ಬಂದು ಕೇಳುತ್ತಿದ್ದುದು ಊಟದ ಸಾಲು ಎಲ್ಲಿಂದ ಶುರು ಎಂದು.

ಅವರ ಹಳೆಯ ಶಿಷ್ಯ ಮಾಚಯ್ಯ ರಾಕ್ ಗಿಟಾರಿಸ್ಟನಾಗಿ ಹೆಸರು ಮಾಡಿದ್ದ. ಅವನಿಗೆ ಒಂದು ದಿನ ಗಂಭೀರನಾಗುವ ಆಸೆ ಹುಟ್ಟಿತು. ಹಾಡೇ ಇಲ್ಲದ, ಬರೀ ವಾದ್ಯದ ಆಲ್ಬಮ್. ಅರ್ಧ ಜಾಝ್ ಫ್ಯೂಷನ್, ಅರ್ಧ ಅಕೌಸ್ಟಿಕ್. ಹೆಸರು ‘ಬರಿಗೈ’. ಫ್ಯೂಷನ್ ಭಾಗ ಸಲೀಸಾಗಿ ಮುಗಿಯಿತು. ಡ್ರಮ್ಮು, ಕೀಬೋರ್ಡುಗಳ ಗದ್ದಲದಲ್ಲಿ ಬೆರಳು ತಪ್ಪಿದರೂ ಅದಕ್ಕೊಂದು ಮರ್ಯಾದೆ ಸಿಕ್ಕಿಬಿಡುತ್ತದೆ. ನನ್ನಂಥವರ ಬಳಿ ಆ ಅನುಕೂಲವಿಲ್ಲ. ಉಗುರು ಜಾರಿದರೂ ಕೇಳುತ್ತದೆ.

“ಅಂಕಲ್, ಸುಮ್ನೆ ಗೈಡ್ ಟ್ರ್ಯಾಕ್ ಹಾಕ್ಕೊಡಿ. ಆಮೇಲೆ ನಾನೇ ಬಾರಿಸ್ತೀನಿ,” ಎಂದ ಮಾಚಯ್ಯ.

ಗೈಡ್ ಎಂದರೆ ದಾರಿ ತೋರಿಸಲು ಮೊದಲು ಬಾರಿಸಿಡುವ ಕಚ್ಚಾ ಪ್ರತಿ. ಹೆಸರಿರುವವರು ಅದನ್ನು ಕೇಳುತ್ತಾ ಮತ್ತೆ ಬಾರಿಸುತ್ತಾರೆ, ಕಚ್ಚಾ ಪ್ರತಿಯನ್ನು ಅಳಿಸುತ್ತಾರೆ. ಸ್ಟುಡಿಯೋದ ಪದ್ಧತಿ ಅದು.

“ಎಲ್ಲಿಯಾದ್ರೂ ನನ್ನದೇ ಇಟ್ರೆ ಹೆಸರು ಹಾಕ್ಬೇಕು ಮಾರಾಯ,” ಎಂದರು ಐವನ್.

“ಅಯ್ಯೋ, ಅದನ್ನೂ ಹೇಳ್ಬೇಕಾ ಅಂಕಲ್!”

ಐವನ್ ನನ್ನನ್ನು ತಬ್ಬಿ ಕೂತು ಬಾರಿಸಿದರು. ಮದುವೆ ಮನೆಗಳಲ್ಲಿ ಯಾರೂ ಕೇಳದೆ ಉಳಿದದ್ದೆಲ್ಲ ಆ ದಿನ ಅವರ ಬೆರಳಿಗೆ ಬಂತು. ಬಳಿಕ ಮಾಚಯ್ಯ ಅದನ್ನೇ ತಾನೂ ಬಾರಿಸಿ, ಎರಡನ್ನೂ ಕೇಳಿ, ಕೊನೆಗೆ ಅಳಿಸಿದ್ದು ತನ್ನದನ್ನೇ. ಕವರಿನ ಫೋಟೋಕ್ಕೆ ಬೇಕೆಂದು ನನ್ನನ್ನೂ ಇಟ್ಟುಕೊಂಡ.

ಆಲ್ಬಮ್ ಬಂತು. “ಈ ವಯಸ್ಸಿಗೇ ಬೆರಳಲ್ಲಿ ಎಂಥ ವಿಷಾದ!” ಎಂದು ವಿಮರ್ಶಕರು ಮಾಚಯ್ಯನನ್ನು ಕೊಂಡಾಡಿದರು. ಬಿಡುಗಡೆಯ ಕಾರ್ಯಕ್ರಮದ ದಿನ ಐವನ್ ಇಸ್ತ್ರಿ ಅಂಗಿ ಹಾಕಿಕೊಂಡು ನೇರ ಗ್ರೀನ್ ರೂಮಿಗೆ ಬಂದರು.

“ಇದೆಂತದು ಮಾಚು? ಕವರಲ್ಲಿ ನನ್ನ ಹೆಸರೇ ಇಲ್ಲ!”

“ಡಿಸೈನ್ ಮಾಡೋರು ಬಿಟ್ಬಿಟ್ಟಿದಾರೆ ಅಂಕಲ್. ಒಂದು ಕೆಲ್ಸ ಮಾಡೋಣ. ಕೊನೇಲಿ ಟೈಟಲ್ ಪೀಸ್ ನೀವೇ ಬಾರಿಸಿ. ಕೇಳಿದೋರಿಗೆ ಗೊತ್ತಾಗಲ್ವಾ ಯಾರ ಕೈ ಅಂತ?”

ಐವನ್ ಅಲ್ಲೇ ನಲ್ಲಿಯಲ್ಲಿ ಕೈ ತೊಳೆದುಕೊಂಡರು, ಪೂಜೆಗೆ ಹೊರಟವರ ಹಾಗೆ.

ಕಾರ್ಯಕ್ರಮದುದ್ದಕ್ಕೂ ನಾನು ಮಾಚಯ್ಯನ ಮಡಿಲಲ್ಲಿದ್ದೆ. ನನ್ನ ಮುಂದಿನ ಮೈಕು ಮುಚ್ಚಿತ್ತು. ಸ್ಪೀಕರಿನಿಂದ ಬಂದದ್ದು ಐವನ್ ಬಾರಿಸಿದ ಧ್ವನಿಮುದ್ರಣ. ಅದಕ್ಕೆ ಸರಿಯಾಗಿ ಮಾಚಯ್ಯ ಕಣ್ಣು ಮುಚ್ಚಿ ತಲೆ ಆಡಿಸಿದ. ತಲೆ ಆಡಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ.

ಆಮೇಲೆ ಐವನ್‌ರನ್ನು ವೇದಿಕೆಗೆ ಕರೆದ. “ನನ್ನ ಮೊದಲ ಗುರು! ಟೈಟಲ್ ಪೀಸ್ ಟ್ರೈ ಮಾಡ್ತಾರಂತೆ, ಚಪ್ಪಾಳೆ!” ನನ್ನನ್ನು ಅವರ ಕೈಗಿತ್ತ. ಮೈಕು ತೆರೆಯಿತು. ಮುದ್ರಿಸಿಟ್ಟ ಮೆಲುದನಿಯ ಡ್ರಮ್ಮು, ಬೇಸು ಆಗಲೇ ಓಡತೊಡಗಿದವು.

ಆ ಪೀಸಿಗೆಂದು ಐವನ್ ನನ್ನ ಎರಡು ತಂತಿಗಳನ್ನು ಮಾಮೂಲಿಗಿಂತ ಇಳಿಸಿ ಶ್ರುತಿ ಮಾಡಿದ್ದರು. ಫೋಟೋಕ್ಕೆ ಹೊಸ ತಂತಿ ಹಾಕಿಸುವಾಗ ಅಂಗಡಿಯವರು ಎಲ್ಲ ಗಿಟಾರಿಗೂ ಮಾಡುವ ಹಾಗೆ ಮಾಮೂಲಿ ಶ್ರುತಿಗೆ ಏರಿಸಿಬಿಟ್ಟಿದ್ದರು. ಸದ್ದಿಲ್ಲದೆ ಬಾರಿಸುವ ಮಾಚಯ್ಯನಿಗೆ ಎರಡೂ ಒಂದೇ. ತಾವು ಬಿಟ್ಟುಹೋದ ಹಾಗೆಯೇ ನಾನಿದ್ದೇನೆಂದು ಐವನ್ ನಂಬಿದರು. ಬೆರಳು ಸರಿಯಾದ ಜಾಗಕ್ಕೇ ಹೋಯಿತು. ನನ್ನ ಬಾಯಿಂದ ಅಪಸ್ವರ ಹೊರಟಿತು. ಅವರು ತಬ್ಬಿಬ್ಬಾಗಿ, ತಂತಿ ಇಳಿಸಲು ನನ್ನ ಕಿವಿ ತಿರುವಹೊರಟರು. ಡ್ರಮ್ಮು ಕಾಯಲಿಲ್ಲ.

“ಅಂಕಲ್, ಗಿಟಾರು ಉಲ್ಟಾ ಹಿಡ್ಕೊಂಡಿದೀರ!” ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ಮಾಚಯ್ಯ ಅವರ ಹೆಗಲ ಮೇಲೆ ಕೈ ಹಾಕಿ, ಮೈಕಿಗೆ ಕೇಳುವಂತೆ ಹೇಳಿದ: “ಪರ್ವಾಗಿಲ್ಲ ಬಿಡಿ ಅಂಕಲ್, ಕಷ್ಟದ ಪೀಸು.”

ಶ್ರುತಿಯ ವಿಷಯ ಅವನಿಗೆ ಗೊತ್ತಿತ್ತೇ? ಕೆಳಗಿನಿಂದ ಅವನ ಗಲ್ಲ ನೋಡಿದೆ. ನುಣ್ಣಗೆ ಶೇವ್ ಮಾಡಿತ್ತು, ಅಷ್ಟೇ.

ಆ ವೀಡಿಯೋ ಫೋನಿಂದ ಫೋನಿಗೆ ಹಾರಿತು. “ಪಾಪ, ಕೈ ಹೋಗಿದೆ,” ಎಂದು ತಾಯ್ತಂದೆಯರು ಮಕ್ಕಳನ್ನು ಪಾಠದಿಂದ ಬಿಡಿಸಿದರು. ನಾನು ತಮ್ಮ ಗಿಟಾರೆಂದು ಹೇಳಿ ವಾಪಸು ಕೇಳಲು ಐವನ್ ಬರಲಿಲ್ಲ. ಕೇಳಿದರೂ ಇನ್ನು ನಂಬುವವರು ಯಾರು?

ಈಗ ನಾನು ಇಂದಿರಾನಗರದ ಒಂದು ಪಬ್ಬಿನ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿದ್ದೇನೆ. ಎದೆಯ ಮೇಲೆ ಬೆಳ್ಳಿ ಶಾಯಿಯಲ್ಲಿ ಮಾಚಯ್ಯನ ಸಹಿ. ಎಸಿಯ ಒಣ ಗಾಳಿಗೆ ಬೆನ್ನು ಬಿರುಕು ಬಿಡುತ್ತಿದೆ; ಮುಂದಿನಿಂದ ನೋಡುವವರಿಗೆ ಕಾಣಿಸದು.

ಮೊನ್ನೆ ಮಾಚಯ್ಯನ ಎರಡನೆಯ ಆಲ್ಬಮ್ ಹಾಕಿದ್ದರು. ಯಾವುದೋ ಸಾಧಾರಣ ಗಿಟಾರು, ದನಿಯಲ್ಲಿ ಡಬ್ಬದ ಸದ್ದು. ಬೆರಳು ಮಾತ್ರ ಐವನ್‌ರದು. ಮತ್ತೆ ಗೈಡ್‌ಗೆ ಕರೆದಿದ್ದಾನೆ, ಹೋಗಿದ್ದಾರೆ. ಬೇರೆ ಎಲ್ಲಿಗೆ ಹೋದಾರು?

“ಏನ್ ಬಾರಿಸ್ತಾನೆ ಗುರೂ ಮಾಚಯ್ಯ! ಈ ಸಲ ಇನ್ನೂ ನೋವಿದೆ,” ಎಂದ ಕೆಳಗಿನ ಟೇಬಲ್ಲಿನವನು, ಕಡಲೆಬೀಜ ಬಾಯಿಗೆಸೆದುಕೊಳ್ಳುತ್ತ.

ನೋವಿದೆ, ನಿಜ. ಗಾಜಿನೊಳಗೆ ಧೂಳು ಮಾತ್ರ ಕೂರುವುದಿಲ್ಲ. ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.